ವಾನ್‌ಸ್ಟೆಡ್ ಕೆರೆಯ ದಂಡೆ, ಮಝಗಾಂವ್ ಗುಡ್ಡದ ನೆತ್ತಿ



ಡಾಕ್‌ಯಾರ್ಡ್ ರೋಡ್ ಸ್ಟೇಶನ್ನಿನಲ್ಲಿ ನೀವು ಎಂದಾದರೂ ಇಳಿದಿದ್ದೀರಾ? ಹಾರ್ಬರ್ ಲೈನಿನಲ್ಲಿ ಸಿಎಸ್‌ಎಂಟಿಯಿಂದ ಹೊರಟರೆ ಮೂರನೆಯ ನಿಲ್ದಾಣ. ವಾಶಿಗೋ ನೆರೂಲಿಗೋ ಹೋಗುವ ನೀವು ದಿನಾ ಅದನ್ನು ದಾಟುತ್ತೀರಿ. ಆದರೆ ಕಿವಿಯಲ್ಲಿ ಹಾಡು, ಕೈಯಲ್ಲಿ ಫೋನು ಇರುವಾಗ ಕಿಟಕಿಯ ಆಚೆ ನೋಡುವವರು ಯಾರು! ಆ ಸ್ಟೇಶನ್ನಿನ ಮಗ್ಗುಲಿಗೇ ಒಂದು ಗುಡ್ಡವಿದೆ. ಭಂಡಾರವಾಡ ಗುಡ್ಡ ಎಂದು ಹೆಸರು. ಅದರ ನೆತ್ತಿಯ ಮೇಲೆ ನೀರಿನ ದೊಡ್ಡ ಜಲಾಶಯ, ಅದರ ಮೇಲೆ ಜೋಸೆಫ್ ಬ್ಯಾಪ್ಟಿಸ್ಟಾ ಉದ್ಯಾನ. ಅಲ್ಲಿಂದ ನೋಡಿದರೆ ಮಝಗಾಂವ್ ಡಾಕಿನ ಕ್ರೇನುಗಳು, ಅವುಗಳಾಚೆ ಸಮುದ್ರ. ಒಂದು ಕಾಲದಲ್ಲಿ ಆ ಜಾಗದಲ್ಲಿ ಒಂದು ಕೋಟೆ ಇತ್ತು. 1690ರಲ್ಲಿ ಅದಕ್ಕೆ ಬೆಂಕಿ ಬಿತ್ತು.

ಮುಂಬಯಿಯಲ್ಲಿ ಐವತ್ತು ವರ್ಷಕ್ಕೂ ಮೇಲ್ಪಟ್ಟು ಅನ್ನ ತಿಂದವನು ನಾನು. ಆ ಬೆಂಕಿಯ ಕಥೆ ನನಗೆ ಸರಿಯಾಗಿ ತಿಳಿದದ್ದು ಮಾತ್ರ ಸಾವಿರಾರು ಮೈಲಿ ದೂರದಲ್ಲಿ, ಲಂಡನ್ನಿನ ಪೂರ್ವದಂಚಿನ ಒಂದು ಇಗರ್ಜಿಯಲ್ಲಿ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಕಥೆ ಕೇಳಿ.

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಕೊನೆಗೆ, ಅಣ್ಣನ ಮಗನ ಮನೆಗೆಂದು ಲಂಡನ್ನಿಗೆ ಹೋಗಿದ್ದೆ. ಅವನಿರುವುದು ಇಲ್ಫರ್ಡ್ ಎಂಬಲ್ಲಿ. ಪಕ್ಕದ ಮ್ಯಾನರ್ ಪಾರ್ಕ್, ಈಸ್ಟ್ ಹ್ಯಾಮ್‌ಗಳ ಬೀದಿಗಳಲ್ಲಿ ಇಡ್ಲಿ, ದೋಸೆ, ನುಗ್ಗೆಕಾಯಿ, ಮಲ್ಲಿಗೆ ಮೊಗ್ಗು ಎಲ್ಲವೂ ಸಿಗುತ್ತವೆ. ಮಾಟುಂಗದಲ್ಲೇ ಇದ್ದೇನೋ ಎಂದು ಒಂದು ಕ್ಷಣ ಭ್ರಮೆಯಾಗಬೇಕು. ಅರಮನೆ, ಗಡಿಯಾರದ ಗೋಪುರ, ಸೇತುವೆ ಎಂದು ಎಲ್ಲರೂ ನೋಡುವುದನ್ನೆಲ್ಲ ನೋಡಿ ಮುಗಿಸಿದ್ದೆ. ಒಂದು ಭಾನುವಾರ ಹುಡುಗ ಕೇಳಿದ, “ಚಿಕ್ಕಪ್ಪಾ, ಇವತ್ತು ಎಲ್ಲಿಗೆ?” ನಾನೆಂದೆ, “ಈಸ್ಟ್ ಇಂಡಿಯಾ ಕಂಪನಿಯ ಮನೆ ನೋಡಬೇಕಲ್ಲ.” ಬ್ಯಾಲಾರ್ಡ್ ಎಸ್ಟೇಟಿನ ಆಫೀಸೊಂದರ ಲೆಕ್ಕದ ವಿಭಾಗದಲ್ಲಿ ಬೆನ್ನು ಬಾಗಿಸಿದ ನನಗೆ, ಎಲ್ಲ ಲೆಕ್ಕಗಳ ತಾಯಿಬೇರು ಎಲ್ಲಿತ್ತು ಎಂದು ನೋಡುವ ಆಸೆ.

ಲೆಡನ್‌ಹಾಲ್ ಸ್ಟ್ರೀಟಿಗೆ ಹೋದೆವು. ಅಲ್ಲಿ ಕಂಪನಿಯ ಗುರುತೂ ಇಲ್ಲ. 1861ರಲ್ಲೇ ಆ ಕಟ್ಟಡವನ್ನು ಕೆಡವಿದರಂತೆ. ಈಗ ಅಲ್ಲಿ ಲಾಯ್ಡ್ಸ್ ವಿಮೆಯವರ ಉಕ್ಕಿನ ಕಟ್ಟಡ. ಕೊಳವೆ, ಲಿಫ್ಟುಗಳೆಲ್ಲ ಹೊರಗೇ ಕಾಣುವಂತೆ ಕಟ್ಟಿದ್ದಾರೆ. ಕರುಳೆಲ್ಲ ಹೊರಗಿಟ್ಟುಕೊಂಡು ನಿಂತ ಹಾಗಿದೆ. ನನ್ನ ಮುಖ ಸಪ್ಪಗಾದದ್ದು ನೋಡಿ ಹುಡುಗ, “ಮನೆ ಹೋದರೇನು, ಯಜಮಾನನೇ ಇದ್ದಾನೆ, ಬನ್ನಿ” ಎಂದ. ಸೆಂಟ್ರಲ್ ಲೈನ್ ಹಿಡಿದು ವಾನ್‌ಸ್ಟೆಡ್ ಎಂಬಲ್ಲಿ ಇಳಿದೆವು.

ವಾನ್‌ಸ್ಟೆಡ್ ಈಗ ಲಂಡನ್ನಿನ ಒಂದು ಶಾಂತ ಬಡಾವಣೆ. ಓವರ್ಟನ್ ಡ್ರೈವ್ ಎಂಬ ರಸ್ತೆಯಲ್ಲಿ ಸಂತ ಮೇರಿಯ ಬಿಳಿಗಲ್ಲಿನ ಇಗರ್ಜಿ. ಕಟ್ಟಡ 1790ರಲ್ಲಿ ಮುಗಿದದ್ದು; ಒಳಗಿನ ಯಜಮಾನ ಅದಕ್ಕಿಂತ ಹಳಬ. ಬೆಳಗಿನ ಪ್ರಾರ್ಥನೆ ಮುಗಿದು ಬಾಗಿಲು ತೆರೆದೇ ಇತ್ತು. ಒಳಗೆ ಹೋದೊಡನೆ ಎದುರಾಯಿತು ಆ ಸ್ಮಾರಕ! ಗೋಡೆಯೆತ್ತರದ ಅಮೃತಶಿಲೆ. ನಡುವೆ ನಿಂತಿದ್ದಾನೆ ಒಬ್ಬ ಮನುಷ್ಯ. ಮೈಮೇಲೆ ಪ್ರಾಚೀನ ರೋಮನ್ ಸೇನಾನಿಯ ಉಡುಪು, ತಲೆಯ ಮೇಲೆ ಮಾತ್ರ ಹದಿನೇಳನೆಯ ಶತಮಾನದ ಗುಂಗುರು ಕೂದಲಿನ ದೊಡ್ಡ ಟೋಪನ್. ನಮ್ಮ ಯಕ್ಷಗಾನದಲ್ಲಿ ಕಿರೀಟ ಕಟ್ಟಿಕೊಂಡವನು ಕೆಳಗೆ ಪ್ಯಾಂಟು ಹಾಕಿಕೊಂಡು ಬಂದರೆ ಹೇಗಿರುತ್ತದೆ, ಹಾಗೆ. ಪಾದದ ಬಳಿ ಒರಗಿಕೊಂಡಿರುವುದು ಅವನ ಮಗ ಬರ್ನಾರ್ಡ್. ಹುಡುಗ ಕೈ ಮಾಡಿ ಪರಿಚಯ ಮಾಡಿಸಿದ: “ಸರ್ ಜೋಸಾಯ ಚೈಲ್ಡ್, ಬರೋನೆಟ್.”

ಬರೋನೆಟ್ ಎಂದರೇನು ಗೊತ್ತೇ? 1611ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸ್ ಹುಟ್ಟುಹಾಕಿದ ಬಿರುದು. ಐರ್ಲೆಂಡಿನಲ್ಲಿ ಸೈನ್ಯ ಸಾಕಲು ಹಣ ಬೇಕಾಗಿತ್ತು. 1,095 ಪೌಂಡು ಕೊಟ್ಟವನಿಗೆ ಹೆಸರಿನ ಹಿಂದೆ ‘ಸರ್’, ಅದೂ ವಂಶಪಾರಂಪರ್ಯವಾಗಿ. ಆದರೆ ಲಾರ್ಡುಗಳ ಸಭೆಯಲ್ಲಿ ಪೀಠವಿಲ್ಲ. ಆದ್ದರಿಂದ ಬರೋನೆಟ್ಟನಾದವನು ಸಾಮಾನ್ಯರ ಸಭೆಗೇ ಚುನಾಯಿತನಾಗಿ ಹೋಗಬೇಕು. ನಮ್ಮ ಚೈಲ್ಡ್ ಸಾಹೇಬ ಎರಡನ್ನೂ ಸಾಧಿಸಿದ. ಬರೋನೆಟ್ ಆದದ್ದು 1678ರಲ್ಲಿ. ಪಾರ್ಲಿಮೆಂಟಿಗೆ 1659ರಲ್ಲಿ ಪೀಟರ್ಸ್‌ಫೀಲ್ಡಿನಿಂದ, 1673ರಲ್ಲಿ ಡಾರ್ಟ್‌ಮತ್ ಬಂದರಿನಿಂದ, 1685ರಲ್ಲಿ ಲಡ್ಲೋವಿನಿಂದ.

ಹುಟ್ಟಿದ್ದು ಲಂಡನ್ನಿನ ಒಬ್ಬ ವರ್ತಕನ ಎರಡನೆಯ ಮಗನಾಗಿ, 1630ರ ಸುಮಾರಿಗೆ. ಬೆಳೆದದ್ದು ಪೋರ್ಟ್ಸ್‌ಮತ್ ಬಂದರಿನಲ್ಲಿ ನೌಕಾಪಡೆಗೆ ಸಾಮಾನು ಸರಬರಾಜು ಮಾಡುತ್ತ. ದೊರೆಯ ತಲೆ ಹೋಗಿ ಕ್ರಾಮ್‌ವೆಲ್ಲನ ಆಳ್ವಿಕೆ ನಡೆಯುತ್ತಿದ್ದ ಕಾಲ ಅದು. ಅವನ ಕೆಳಗೂ ವ್ಯಾಪಾರ ಮಾಡಿದ, ಆ ಊರಿನ ಮೇಯರನೂ ಆದ. ದೊರೆ ಮರಳಿ ಬಂದ ಮೇಲೆ ಅವನ ಕೆಳಗೂ ಮಾಡಿದ. ಲಂಡನ್ನಿನ ಸದರ್ಕ್‌ನಲ್ಲಿ ಬಿಯರು ಬೇಯಿಸುವ ಭಟ್ಟಿ, ರಾಯಲ್ ಆಫ್ರಿಕನ್ ಕಂಪನಿಯ ಗುಲಾಮ ವ್ಯಾಪಾರದಲ್ಲಿ ಪಾಲು, 1671ರಿಂದ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಷೇರು. 1674ರಲ್ಲಿ ನಿರ್ದೇಶಕ, 1681ರಲ್ಲಿ ಗವರ್ನರ್. ಮುಂದಿನ ಹತ್ತು ವರ್ಷ, ಕುರ್ಚಿಯಲ್ಲಿ ಯಾರೇ ಕುಳಿತಿರಲಿ, ಕಂಪನಿಯ ಲಗಾಮು ಇವನ ಕೈಯಲ್ಲೇ ಎಂಬಂತಿತ್ತು.

ದಡ್ಡನಲ್ಲ ಆಸಾಮಿ. 1668ರಲ್ಲಿ ಬಡ್ಡಿಯ ಬಗ್ಗೆ ಒಂದು ಪುಸ್ತಿಕೆ ಬರೆದ. ಆಗ ಇಂಗ್ಲೆಂಡಿನ ಕಾನೂನಿನಲ್ಲಿ ಬಡ್ಡಿಯ ಮಿತಿ ನೂರಕ್ಕೆ ಆರು. ಡಚ್ಚರು ಏಕೆ ಏಳಿಗೆಯಾಗುತ್ತಿದ್ದಾರೆ ನೋಡಿ, ಅವರಲ್ಲಿ ಸಾಲ ಅಗ್ಗ. ನಾವೂ ನಾಲ್ಕಕ್ಕೆ ಇಳಿಸಬೇಕು ಎಂಬುದು ಇವನ ವಾದ. ತತ್ತ್ವಜ್ಞಾನಿ ಜಾನ್ ಲಾಕ್ ಕಾನೂನಿನಿಂದ ಬಡ್ಡಿ ಇಳಿಸುವುದನ್ನು ವಿರೋಧಿಸಿ ಪುಸ್ತಕ ಬರೆದ. ಅದೇ ವಾದಗಳನ್ನು ಬೆಳೆಸಿ 1693ರ ಹೊತ್ತಿಗೆ ಚೈಲ್ಡ್ ವ್ಯಾಪಾರದ ಬಗ್ಗೆ ದೊಡ್ಡ ಗ್ರಂಥವನ್ನೇ ಹೊರತಂದ. ಅದರಲ್ಲಿ ಒಂದು ಮಾತು ನಿಮಗೆ ಹಿಡಿಸೀತು: ಹೊರಗಿನಿಂದ ಬಂದು ನೆಲೆಸುವವರಿಗೆ, ಯಹೂದ್ಯರಿಗೂ ಸೇರಿ, ಪೌರತ್ವ ಕೊಡಬೇಕು, ಬಂದವರು ಊರನ್ನು ಬಡವಾಗಿಸುವುದಿಲ್ಲ, ಸಿರಿವಂತವಾಗಿಸುತ್ತಾರೆ ಎಂಬುದು ಅವನ ನಿಲುವು. ಅಪ್ಪ ಹೊಟ್ಟೆಪಾಡಿಗೆಂದು ಬಂದ ಊರಿನಲ್ಲಿ ಹುಟ್ಟಿ, “ನೀವು ಎಲ್ಲಿಯವರು?” ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಹುಡುಕುವ ನಮ್ಮಂಥವರು ಈ ಒಂದು ಮಾತಿಗಾದರೂ ಅವನಿಗೆ ನಮಸ್ಕಾರ ಹೇಳಬೇಕು.

ನಮಸ್ಕಾರ ಅಲ್ಲಿಗೇ ಮುಗಿಯಿತು. ಮುಂದೆ ಕೇಳಿ.

ಅವನು ಈ ವಾನ್‌ಸ್ಟೆಡ್ ಎಸ್ಟೇಟನ್ನು ಕೊಂಡದ್ದು 1673ರ ಸುಮಾರಿಗೆ. ಅದೇ 1673ರಲ್ಲಿ ನಮ್ಮ ಕಡೆ ಏನಾಯಿತು ಬಲ್ಲಿರಾ? ಮರಾಠರ ಸೈನ್ಯ ಹುಬ್ಬಳ್ಳಿಯ ಪೇಟೆಯನ್ನು ಲೂಟಿ ಮಾಡಿತು. ಅಲ್ಲಿ ಇಂಗ್ಲಿಷರ ಮಾಲೂ ಇತ್ತು. ಏಕೆಂದರೆ ಕಾಳಿ ನದಿ ಕಡಲು ಸೇರುವ ಕಾರವಾರದಲ್ಲಿ 1638ರಿಂದಲೇ ಇಂಗ್ಲಿಷರ ಕೋಠಿ ಇತ್ತು. ಘಟ್ಟದ ಮೇಲಿನ ನೇಕಾರರ ಬಟ್ಟೆ ಹುಬ್ಬಳ್ಳಿಯಲ್ಲಿ ಕೂಡಿ, ಎತ್ತಿನ ಬೆನ್ನೇರಿ ಘಟ್ಟ ಇಳಿದು, ಕಾಳುಮೆಣಸಿನೊಂದಿಗೆ ಹಡಗು ಹತ್ತುತ್ತಿತ್ತು. 1665ರಲ್ಲಿ ಬಸರೂರಿನ ಮೇಲೆ ನುಗ್ಗಿ ಮರಳುವಾಗ ಶಿವಾಜಿ ಮಹಾರಾಜರು ಕಾರವಾರದಲ್ಲಿ ಕಪ್ಪ ಎತ್ತಿದಾಗ ಈ ಇಂಗ್ಲಿಷರೂ ಪಾಲು ಕೊಡಬೇಕಾಯಿತು. ಹುಬ್ಬಳ್ಳಿಯಲ್ಲಿ ಹೋದ ಮಾಲಿಗೆ ಪರಿಹಾರ ಕೊಡಿ ಎಂದು ಅವರು ಶಿವಾಜಿಯ ಹಿಂದೆ ವರ್ಷಗಟ್ಟಲೆ ಅಲೆದರು. ಬಸರೂರು, ಕಾರವಾರ, ಹುಬ್ಬಳ್ಳಿ ಎಂದರೆ ನಿಮ್ಮ ಅಜ್ಜ ಅಜ್ಜಿಯರ ಊರಿನ ಹೆಸರುಗಳು. ಆ ಊರುಗಳ ಮೆಣಸಿನ ಘಾಟು, ಹತ್ತಿಯ ನೂಲು ಈ ವಾನ್‌ಸ್ಟೆಡ್ಡಿನ ಮಣ್ಣಿನಲ್ಲಿ ಸೇರಿದೆ ಎಂಬುದು ನನಗೆ ಆ ಇಗರ್ಜಿಯಲ್ಲಿ ನಿಂತಾಗ ಹೊಳೆಯಿತು.

1683ರ ಮಾರ್ಚಿನಲ್ಲಿ ಜಾನ್ ಈವ್ಲಿನ್ ಎಂಬ ಶ್ರೀಮಂತ ಇಲ್ಲಿಗೆ ಬಂದು ನೋಡಿ ತನ್ನ ದಿನಚರಿಯಲ್ಲಿ ಮೂಗು ಮುರಿದಿದ್ದಾನೆ. ಬರಡು ನೆಲದಲ್ಲಿ ಅಕ್ರೋಟು ಮರ ನೆಡಿಸಲು, ಮೈಲಿಗಟ್ಟಲೆ ಮೀನಿನ ಕೆರೆ ತೋಡಿಸಲು ವಿಪರೀತ ಖರ್ಚು. ದಿಢೀರನೆ ದುಡ್ಡು ಕಂಡವರ ಬುದ್ಧಿಯೇ ಹೀಗೆ ಎಂಬ ಅರ್ಥದಲ್ಲಿ. ವರ್ತಕನ ಹತ್ತಿರ ಕೆಲಸ ಕಲಿಯಲು ಸೇರಿದವನ ಆಸ್ತಿ ಎರಡು ಲಕ್ಷ ಪೌಂಡೆಂಬ ಸುದ್ದಿ, ಡ್ಯೂಕನ ಮಗನಿಗೆ ಮಗಳನ್ನು ಕೊಟ್ಟಾಗ 50,000 ಪೌಂಡು ವರದಕ್ಷಿಣೆಯೆಂಬ ಸುದ್ದಿ, ಎಲ್ಲವನ್ನೂ ಬರೆದಿಟ್ಟಿದ್ದಾನೆ. ವರದಕ್ಷಿಣೆ ನಮ್ಮ ದೇಶದ ರೋಗ ಮಾತ್ರ ಎಂದು ತಿಳಿಯಬೇಡಿ!

ದುಡ್ಡು ಹೇಗೆ ಉಳಿಯುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಭಾರತದ ವ್ಯಾಪಾರ ಕಂಪನಿಯೊಬ್ಬರದೇ ಸ್ವತ್ತು, ಬೇರೆ ಇಂಗ್ಲಿಷರು ಯಾರೂ ಹಡಗು ಕಳಿಸಕೂಡದು ಎಂಬ ಹಕ್ಕು ರಾಜನ ಸನ್ನದಿನಿಂದ ಬರಬೇಕಲ್ಲ. ಎರಡನೆಯ ಚಾರ್ಲ್ಸನಿಗೆ ಹತ್ತು ಸಾವಿರ ಗಿನಿಗಳ ಕಾಣಿಕೆ ಹೋಯಿತು. ಅವನ ತಮ್ಮ ಎರಡನೆಯ ಜೇಮ್ಸನಿಗೂ ಹೋಯಿತು. ಹಳೆಯ ಜೊತೆಗಾರ ಥಾಮಸ್ ಪ್ಯಾಪಿಲಾನ್, ಈ ಬಾಗಿಲನ್ನು ಹೆಚ್ಚು ಜನರಿಗೆ ತೆರೆಯೋಣ ಎಂದವನು, ಷೇರು ಮಾರಿ ಹೊರಬಿದ್ದ. ಗಂಡಾಗುಂಡಿ ಮಾಡಿ ಗಡಿಗೆ ತುಪ್ಪ ಕುಡಿ ಎಂಬ ಗಾದೆ ನಮ್ಮಲ್ಲಿ ಮಾತ್ರವೇ ಇರುವುದು, ಆದರೆ ತುಪ್ಪ ಎಲ್ಲ ದೇಶದಲ್ಲೂ ಒಂದೇ.

ಈಗ ಮುಂಬಯಿಗೆ ಬನ್ನಿ. 1668ರಲ್ಲಿ ದೊರೆ ಈ ದ್ವೀಪವನ್ನು ವರ್ಷಕ್ಕೆ ಹತ್ತು ಪೌಂಡು ಬಾಡಿಗೆಗೆ ಕಂಪನಿಗೆ ಕೊಟ್ಟಿದ್ದ. ಇಲ್ಲಿನ ಗಾಳಿ, ನೀರು, ಜ್ವರ ಎಂಥವೆಂದರೆ, ಬಂದ ಇಂಗ್ಲಿಷನ ಆಯುಸ್ಸು ಎರಡು ಮಳೆಗಾಲ ಎಂದು ಅವರೇ ಆಡಿಕೊಳ್ಳುತ್ತಿದ್ದರು. ಲಂಡನ್ನಿನಲ್ಲಿ ಕುಳಿತ ಚೈಲ್ಡನಿಗೆ ಕಂಡದ್ದು ಖರ್ಚಿನ ಕಾಲಂ ಮಾತ್ರ. ಈ ದ್ವೀಪ ದುಡ್ಡು ತಿನ್ನುತ್ತಿದೆ, ಕಡಿಮೆ ಮಾಡಿ ಎಂದು ಕಾಗದದ ಮೇಲೆ ಕಾಗದ. ಸಿಪಾಯಿಗಳ, ಅಧಿಕಾರಿಗಳ ಸಂಬಳಕ್ಕೆ ಕತ್ತರಿ ಬಿತ್ತು. 1683ರ ಡಿಸೆಂಬರಿನಲ್ಲಿ ಕ್ಯಾಪ್ಟನ್ ರಿಚರ್ಡ್ ಕೀಗ್ವಿನ್ ಎಂಬವನು ದಂಗೆಯೆದ್ದು, ಕಂಪನಿಯ ಅಧಿಕಾರಿಯನ್ನು ಬಂಧಿಸಿ, ನಾವು ದೊರೆಯ ಆಳುಗಳೇ ಹೊರತು ಕಂಪನಿಯ ಆಳುಗಳಲ್ಲ ಎಂದು ಸಾರಿದ. ಸುಮಾರು ಹನ್ನೊಂದು ತಿಂಗಳು ಮುಂಬಯಿಯನ್ನು ಆಳಿದ. ಕೊನೆಗೆ ಕ್ಷಮಾದಾನದ ಭರವಸೆ ಸಿಕ್ಕ ಮೇಲೆ 1684ರ ನವೆಂಬರಿನಲ್ಲಿ ಒಪ್ಪಿಸಿದ.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ಈ ಕಥೆ ಓದುವಾಗ ನನ್ನ ಕೈ ತಣ್ಣಗಾಯಿತು.

1984ರಲ್ಲಿ ನಮ್ಮ ಆಫೀಸಿನಲ್ಲಿ ಖರ್ಚು ಇಳಿಸುವ ಆದೇಶ ಬಂತು. ಯಾರು ಹೆಚ್ಚು ಉಳಿತಾಯ ತೋರಿಸುತ್ತಾರೋ ಅವರಿಗೆ ಬಡ್ತಿಯ ಆಸೆ. ಕರಾವಳಿಯ ಒಂದು ಡಿಪೋದಲ್ಲಿ ಹನ್ನೊಂದು ಮಂದಿ ರಾತ್ರಿ ಕಾವಲುಗಾರರಿದ್ದರು. ಅವರಿಗೆ ರಾತ್ರಿಯೊಂದಕ್ಕೆ ಎರಡೂವರೆ ರೂಪಾಯಿ ಭತ್ತೆ. ಡಿಪೋಗೆ ಗೋಡೆ ಕಟ್ಟಿ ಆಗಿದೆ, ಇನ್ನು ಭತ್ತೆ ಅನಾವಶ್ಯಕ ಎಂದು ಟಿಪ್ಪಣಿ ಬರೆದವನು ನಾನು. ಆ ಊರನ್ನು ನಾನು ಕಂಡಿರಲಿಲ್ಲ. ವರ್ಷಕ್ಕೆ ಹತ್ತು ಸಾವಿರ ಚಿಲ್ಲರೆ ಉಳಿತಾಯ ಎಂದು ಅಂದವಾಗಿ ಕೂಡಿಸಿ, ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದೆ. ಸಾಹೇಬರು ಬೆನ್ನು ತಟ್ಟಿದರು.

ಎರಡು ವರ್ಷದ ಮೇಲೆ ಅಂಕೋಲೆಯ ಕಡೆ ಒಂದು ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಒಬ್ಬರು ನನ್ನ ಹೆಸರು, ಆಫೀಸು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಸಹಿ ನನಗೆ ಗುರುತಿದೆ ಸಾರ್. ನೋಟಿಸು ಬೋರ್ಡಿನಲ್ಲಿ ಆರು ತಿಂಗಳು ಅಂಟಿಸಿದ್ದರು” ಎಂದರು. ಕೋಪವಿರಲಿಲ್ಲ. “ಆ ದುಡ್ಡಿನಲ್ಲಿ ಮಗಳಿಗೆ ಗಣಿತದ ಪಾಠ ಹೇಳಿಸುತ್ತಿದ್ದೆ. ಆಮೇಲೆ ನಿಲ್ಲಿಸಿದೆ” ಎಂದಷ್ಟೇ ಹೇಳಿ ಸಾರಿಗೆ ಅನ್ನ ಕಲಸಿದರು. ನನಗೆ ಆ ಊಟ ಇಳಿಯಲಿಲ್ಲ. ಇದನ್ನು ಇಷ್ಟು ವರ್ಷ ಮನೆಯಲ್ಲೂ ಹೇಳಿರಲಿಲ್ಲ. ಅಮೃತಶಿಲೆಯ ಚೈಲ್ಡ್ ಸಾಹೇಬನ ಎದುರು ನಿಂತಾಗ ನಾನು ಅವನನ್ನು ಬಯ್ಯಲು ಬಾಯಿ ತೆರೆದು, ಮುಚ್ಚಿಕೊಂಡದ್ದು ಇದಕ್ಕೇ.

ಇರಲಿ, ಕಥೆ ಮುಗಿದಿಲ್ಲ. ಕೀಗ್ವಿನ್ನನ ದಂಗೆಯಿಂದ ಪಾಠ ಕಲಿಯುವ ಬದಲು ಚೈಲ್ಡ್ ಇನ್ನೂ ದೊಡ್ಡ ಲೆಕ್ಕ ಹಾಕಿದ. ವ್ಯಾಪಾರ ಮಾತ್ರ ಸಾಲದು, ಸೈನ್ಯ ಬೇಕು, ಕಂದಾಯ ಬೇಕು, ಭಾರತದಲ್ಲಿ ಇಂಗ್ಲಿಷರ ಶಾಶ್ವತ ದೊರೆತನ ಬೇಕು ಎಂದು 1687ರ ಹೊತ್ತಿಗೆ ಕಂಪನಿಯ ಕಾಗದಗಳಲ್ಲಿ ಬರೆಯತೊಡಗಿದರು. ಪ್ಲಾಸಿ ಯುದ್ಧ ನಡೆಯಲು ಇನ್ನೂ ಎಪ್ಪತ್ತು ವರ್ಷ ಬಾಕಿ ಇತ್ತು ಎಂಬುದನ್ನು ನೆನಪಿಡಿ. 1686ರಲ್ಲಿ ಮೊಗಲರ ಮೇಲೆ ಯುದ್ಧವೇ ಶುರುವಾಯಿತು. ಆಗ ಔರಂಗಜೇಬ ಎಲ್ಲಿದ್ದ? ದಖ್ಖನ್ನಿನಲ್ಲಿ. ಅದೇ 1686ರ ಸೆಪ್ಟೆಂಬರಿನಲ್ಲಿ ನಮ್ಮ ಬಿಜಾಪುರವನ್ನು ಗೆದ್ದು ಆದಿಲಶಾಹಿಯನ್ನು ಮುಗಿಸಿದ; ಮರುವರ್ಷ ಗೋಲ್ಕೊಂಡ. ಅಂಥವನ ಎದುರು ಬೆರಳೆಣಿಕೆಯ ಹಡಗುಗಳನ್ನು ಕಳಿಸಿ ಗೆಲ್ಲುತ್ತೇವೆಂದು ಲಂಡನ್ನಿನ ಮೇಜಿನ ಸುತ್ತ ಕುಳಿತವರು ನಂಬಿದರು! ಬಂಗಾಲದಲ್ಲಿ ಹೂಗ್ಲಿ ಬಿಟ್ಟು ಓಡಬೇಕಾಯಿತು. ಪಶ್ಚಿಮದಲ್ಲಿ ಯುದ್ಧ ನಡೆಸಿದವನು ಸರ್ ಜಾನ್ ಚೈಲ್ಡ್. ಅವನೂ ಬರೋನೆಟ್ಟನೇ, 1685ರಲ್ಲಿ ಆದವನು. ಅನೇಕ ಹಳೆಯ ಪುಸ್ತಕಗಳಲ್ಲಿ ಇವರಿಬ್ಬರೂ ಅಣ್ಣತಮ್ಮಂದಿರು ಎಂದಿದೆ. ಅದು ತಪ್ಪು. ಹೆಸರು ಒಂದೇ, ಬುದ್ಧಿ ಒಂದೇ, ರಕ್ತ ಬೇರೆ.

ಜಾನ್ ಚೈಲ್ಡ್ ಮೊಗಲರ ಹಡಗುಗಳನ್ನು ಹಿಡಿದ. ಉತ್ತರವಾಗಿ 1689ರಲ್ಲಿ ಜಂಜೀರಾದ ಸಿದ್ಧಿ ಯಾಕೂತ್ ಖಾನ್, ಮೊಗಲರ ನೌಕಾಪತಿ, ಶಿವಡಿಯಲ್ಲಿ ಬಂದಿಳಿದ. ನೀವು ಈಗ ರಾಜಹಂಸ ನೋಡಲು ಹೋಗುತ್ತೀರಲ್ಲ, ಅದೇ ಶಿವಡಿ. ಅವನ ದಂಡು ಇಪ್ಪತ್ತು ಸಾವಿರ ಎಂದು ಆಗ ಮುಂಬಯಿಯಲ್ಲೇ ಇದ್ದ ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆದಿದ್ದಾನೆ. ಮಝಗಾಂವ್ ಕೋಟೆಯಲ್ಲಿದ್ದ ಇಂಗ್ಲಿಷರು ಜೀವ ಉಳಿಸಿಕೊಂಡು ಓಡಿದರು. ಮಾಹಿಮ್ ಹೋಯಿತು. ಉಳಿದದ್ದು ಇಂದಿನ ಫೋರ್ಟ್ ಭಾಗದ ಕೋಟೆಯೊಂದೇ. ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆ. ಎರಡು ಕೋಣ ಕಾದಾಡಿದರೆ ನಡುವಿನ ಗಿಡಕ್ಕೆ ಸಾವು ಎಂಬ ಹಳೆಯ ಮಾತಿನಂತೆ, ದ್ವೀಪದ ಕೋಳಿಗಳು, ಭಂಡಾರಿಗಳು, ಕುಣಬಿಗಳು, ಅವರ ತೆಂಗಿನ ತೋಟ, ದೋಣಿ, ಗದ್ದೆ ಎಲ್ಲದರ ಮೇಲೂ ದಂಡು ನಡೆಯಿತು. ಅವರ ಪೈಕಿ ಯಾರೂ ವಾನ್‌ಸ್ಟೆಡ್ ಎಂಬ ಹೆಸರು ಕೇಳಿದವರಲ್ಲ.

ಕೊನೆಗೆ ಇಂಗ್ಲಿಷರ ಇಬ್ಬರು ದೂತರು ಬಾದಶಹನ ಬಳಿಗೆ ಹೋಗಿ ತಪ್ಪಾಯಿತೆಂದು ಬೇಡಿಕೊಂಡರು. 1690ರಲ್ಲಿ ಫರ್ಮಾನು ಸಿಕ್ಕಿತು. ಒಂದೂವರೆ ಲಕ್ಷ ರೂಪಾಯಿ ದಂಡ, ಕಿತ್ತುಕೊಂಡ ಮಾಲು ವಾಪಸು, ಜಾನ್ ಚೈಲ್ಡನನ್ನು ದೇಶದಿಂದ ಹೊರಗೆ ಹಾಕತಕ್ಕದ್ದು. ಹೊರಗೆ ಹಾಕುವ ಕೆಲಸ ಉಳಿಯಲಿಲ್ಲ. ಅವನು ಆ ಫೆಬ್ರವರಿಯಲ್ಲೇ ಮುಂಬಯಿಯಲ್ಲಿ ತೀರಿಕೊಂಡಿದ್ದ. ಜೂನಿನಲ್ಲಿ ಸಿದ್ಧಿ ಹೊರಡುವಾಗ ಮಝಗಾಂವ್ ಕೋಟೆಗೆ ಬೆಂಕಿಯಿಟ್ಟು ಹೋದ. ನಾನು ಆರಂಭದಲ್ಲಿ ಹೇಳಿದ ಬೆಂಕಿ ಅದು. ಅದೇ ವರ್ಷ ಆಗಸ್ಟಿನಲ್ಲಿ ಜಾಬ್ ಚಾರ್ನಕ್ ಸುತಾನುಟಿ ಎಂಬ ಹಳ್ಳಿಗೆ ಮರಳಿ ಬಂದು ನೆಲೆಯೂರಿದ. ಅದು ಕೊಲ್ಕತ್ತಾ ಆಯಿತು. ಇತ್ತ 1688ರಲ್ಲಿ, ಚೈಲ್ಡನ ಒತ್ತಾಸೆಯಿಂದಲೇ, ಮದರಾಸಿಗೆ ಮೇಯರು, ಆಲ್ಡರ್ಮನ್ನರುಳ್ಳ ಕಾರ್ಪೊರೇಶನ್ ಆಗಿತ್ತು. ಇಂದಿನ ಚೆನ್ನೈ ಮಹಾನಗರಪಾಲಿಕೆ ತನ್ನ ವಯಸ್ಸನ್ನು ಎಣಿಸುವುದು ಆ ದಿನದಿಂದ. ಮುಂಬಯಿ, ಚೆನ್ನೈ, ಕೊಲ್ಕತ್ತಾ ಮೂರರ ಜಾತಕದಲ್ಲೂ ಈ ಒಬ್ಬ ಮನುಷ್ಯನ ಕೈಬರಹವಿದೆ. ಮೂರರಲ್ಲಿ ಒಂದನ್ನೂ ಅವನು ಕಣ್ಣಿಂದ ನೋಡಲಿಲ್ಲ.

ಇಂಗ್ಲೆಂಡಿನಲ್ಲಾದರೂ ಲೆಕ್ಕ ಕೇಳುವವರು ಹುಟ್ಟಿಕೊಂಡರು ಎಂಬುದು ಸಮಾಧಾನ. 1695ರಲ್ಲಿ ಪಾರ್ಲಿಮೆಂಟು ಕಂಪನಿಯ ದಫ್ತರ ತೆರೆಸಿತು. 1693ರೊಂದರಲ್ಲೇ ಎಂಬತ್ತು ಸಾವಿರ ಪೌಂಡಿನಷ್ಟು ಹಣ ‘ವಿಶೇಷ ಸೇವೆ’ಯ ಹೆಸರಿನಲ್ಲಿ ಖರ್ಚಾಗಿದ್ದುದು ಹೊರಬಿತ್ತು. ಆಗಿನ ಗವರ್ನರ್, ಚೈಲ್ಡನ ಆಪ್ತ ಸರ್ ಥಾಮಸ್ ಕುಕ್, ಲಂಡನ್ ಟವರಿನ ಸೆರೆ ಸೇರಿದ. 1697ರಲ್ಲಿ ಲಂಡನ್ನಿನ ರೇಷ್ಮೆ ನೇಕಾರರು, ಭಾರತದ ಬಟ್ಟೆಯಿಂದ ನಮ್ಮ ಮಗ್ಗ ನಿಂತಿತೆಂದು ಕಂಪನಿಯ ಕಚೇರಿಗೇ ನುಗ್ಗಿದರು. 1698ರಲ್ಲಿ ಸರಕಾರಕ್ಕೆ ಇಪ್ಪತ್ತು ಲಕ್ಷ ಪೌಂಡು ಸಾಲ ಕೊಟ್ಟು ಪ್ರತಿಸ್ಪರ್ಧಿ ಕಂಪನಿಯೊಂದು ಹುಟ್ಟಿತು. ಮರುವರ್ಷ, 1699ರ ಜೂನ್ 22ರಂದು, ಚೈಲ್ಡ್ ತೀರಿಕೊಂಡ. ತನ್ನದೇ ವಾನ್‌ಸ್ಟೆಡ್ಡಿನಲ್ಲಿ ಮಣ್ಣಾದ.

ಇಗರ್ಜಿಯಿಂದ ಹೊರಬಂದು ಉದ್ಯಾನದ ಕಡೆ ನಡೆದೆವು. “ಮನೆ ಎಲ್ಲಿ?” ಎಂದು ಕೇಳಿದೆ. ಹುಡುಗ ಗಾಲ್ಫ್ ಮೈದಾನವನ್ನು ತೋರಿಸಿದ. ಚೈಲ್ಡನ ಮಗ ರಿಚರ್ಡ್, ಮುಂದೆ ಅರ್ಲ್ ಟಿಲ್ನಿ ಎನಿಸಿಕೊಂಡವನು, 1715ರಿಂದ ಮುಂದೆ ಕಾಲಿನ್ ಕ್ಯಾಂಬೆಲ್ ಎಂಬ ಶಿಲ್ಪಿಯ ಕೈಯಲ್ಲಿ ಇಲ್ಲಿ ಅರಮನೆಯನ್ನೇ ಕಟ್ಟಿಸಿದ. 1812ರಲ್ಲಿ ಆ ಮನೆತನದ ಉತ್ತರಾಧಿಕಾರಿಣಿ ಕ್ಯಾಥರೀನ್, ವಿಲಿಯಂ ವೆಲ್ಲೆಸ್ಲಿ ಎಂಬವನನ್ನು ಮದುವೆಯಾದಳು. ವೆಲ್ಲೆಸ್ಲಿ ಎಂದೊಡನೆ ಕಿವಿ ನೆಟ್ಟಗಾಯಿತೇ? ಹೌದು, 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯ ಅಣ್ಣನ ಮಗ. ಈ ಮಹಾಶಯ ಮಾಡಿದ ಸಾಲಕ್ಕೆ 1822ರಲ್ಲಿ ಅರಮನೆಯ ಸಾಮಾನು ಮೂವತ್ತೆರಡು ದಿನ ಹರಾಜಾಯಿತು. ಮುಂದೆ ಕಲ್ಲು, ಮರವನ್ನೂ ಹತ್ತು ಸಾವಿರ ಪೌಂಡಿಗೆ ಮಾರಿ ಕೆಡವಿದರು. ನೂರೈವತ್ತು ವರ್ಷದಲ್ಲಿ ಕಾರವಾರದ ಮೆಣಸು, ಹೂಗ್ಲಿಯ ರೇಷ್ಮೆ, ಮುಂಬಯಿ ಸಿಪಾಯಿಯ ಕತ್ತರಿಸಿದ ಸಂಬಳ ಎಲ್ಲವೂ ಗಾಲ್ಫ್ ಚೆಂಡು ಉರುಳುವ ಹುಲ್ಲಾಯಿತು.

ಉಳಿದ ನೆಲವನ್ನು ಲಂಡನ್ ನಗರದ ಕಾರ್ಪೊರೇಶನ್ ಕೊಂಡು 1882ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕೆರೆಗಳಿವೆ, ಕೃತಕ ಗುಹೆಯೊಂದರ ಪಾಳುಗೋಡೆ ಇದೆ, ಗುಡಿಯಂತೆ ಕಂಬಗಳುಳ್ಳ ಒಂದು ಸಣ್ಣ ಕಟ್ಟಡ ಉಳಿದಿದೆ. ನಾವು ಹೋದಾಗ ಕಾಡಿನ ನೆಲ ತುಂಬ ನೀಲಿಗಂಟೆ ಹೂ ಅರಳಿತ್ತು. ಕೆರೆಯ ದಂಡೆಯಲ್ಲಿ ತಲೆಗೆ ಸ್ಕಾರ್ಫು ಕಟ್ಟಿದ ತಾಯಂದಿರು, ತಮಿಳು ಮಾತನಾಡುವ ಮುದುಕರು, ಪಂಜಾಬಿ ಮಕ್ಕಳು, ಬಾತುಕೋಳಿಗಳು. ಬೇಲಿಯಿಲ್ಲ, ಟಿಕೀಟಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತು ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆವು. ಆಗ ನನ್ನ ಅಣ್ಣನ ಮಗ ಮೆಲ್ಲನೆ ಒಂದು ವಿಷಯ ಹೇಳಿದ. ಅವನ ಕೆಲಸವೂ ಲೆಕ್ಕದ್ದೇ. ಯಾವುದೋ ದೇಶದ ಯಾವುದೋ ಊರಿನ ಗೋದಾಮನ್ನು ಮುಚ್ಚಬೇಕೇ ಬೇಡವೇ ಎಂಬ ಕೋಷ್ಟಕ ಅವನ ಕಂಪ್ಯೂಟರಿನಲ್ಲಿ ಕುಳಿತಿತ್ತು, ಸೋಮವಾರ ಒಪ್ಪಿಸಬೇಕು. ನಾನು ಅಂಕೋಲೆಯ ಮದುವೆಯ ಊಟದ ಕಥೆ ಹೇಳಿದೆ, ಮೊದಲ ಸಲ. ಅವನು ಏನೂ ಅನ್ನಲಿಲ್ಲ. ರಾತ್ರಿ ಅವನ ಕೋಣೆಯಿಂದ ಫೋನಿನ ಮಾತು ಕೇಳಿಸಿತು. ಆ ಊರಿನ ಗೋದಾಮಿನವನೊಬ್ಬನ ಹತ್ತಿರ, ಅಲ್ಲಿ ಎಷ್ಟು ಜನ, ಎಷ್ಟು ದೂರದಿಂದ ಬರುತ್ತಾರೆ ಎಂದು ವಿಚಾರಿಸುತ್ತಿದ್ದ. ಮುಂದೇನಾಯಿತೆಂದು ನಾನು ಕೇಳಲಿಲ್ಲ. ವಿಚಾರಿಸಿದನಲ್ಲ, ಅಷ್ಟು ಸಾಕು.

ಗೆಳೆಯರೇ, ನಿಮ್ಮ ಅಜ್ಜಂದಿರು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿ ಈ ಊರಿನಲ್ಲಿ ಬೇರು ಬಿಟ್ಟರು. ಅವರ ಕೂಲಿಯನ್ನು ಬೇರೆ ಯಾರೋ, ಎಲ್ಲೋ ಕುಳಿತು ನಿರ್ಧರಿಸುತ್ತಿದ್ದರು. ಈಗ ಕಾಲ ತಿರುಗಿದೆ. ನೀವು ಅಂಧೇರಿಯ, ಐರೋಲಿಯ ತಂಪು ಕೋಣೆಗಳಲ್ಲಿ ಕುಳಿತು ಕಾಣದ ಊರುಗಳ ಅಂಕಿಗಳನ್ನು ಕೂಡಿಸಿ ಕಳೆಯುತ್ತೀರಿ. ಅದು ಪಾಪವೇನಲ್ಲ, ಹೊಟ್ಟೆಪಾಡು. ಆದರೆ ಪ್ರತಿ ಅಂಕಿಯ ಕೆಳಗೂ ಒಂದು ಊರಿದೆ, ಆ ಊರಿಗೊಂದು ಹೆಸರಿದೆ.

ಮುಂದಿನ ಭಾನುವಾರ ಬಿಡುವಿದ್ದರೆ ಡಾಕ್‌ಯಾರ್ಡ್ ರೋಡಿನಲ್ಲಿ ಇಳಿಯಿರಿ. ಸಂಜೆ ನಾಲ್ಕರ ಮೇಲೆ ಬಿಸಿಲು ಇಳಿದಿರುತ್ತದೆ. ಸುಟ್ಟ ಕೋಟೆಯ ಒಂದು ಕಲ್ಲೂ ನಿಮಗೆ ಅಲ್ಲಿ ಸಿಗಲಾರದು. ಗುಡ್ಡದ ಬುಡದಲ್ಲಿ ನಿಂತು ಕಡಲಿನ ಕಡೆಗೆ ಒಮ್ಮೆ ನೋಡಿ. ಕೆಳಗೆ ಮಝಗಾಂವಿನ ಮನೆಗಳಲ್ಲಿ ಬಟ್ಟೆ ಒಣಗುತ್ತಿರುತ್ತವೆ. ಯಾರಾದರೂ ಹಿರಿಯರು ಕಟ್ಟೆಯ ಮೇಲೆ ಕುಳಿತಿದ್ದರೆ ಹೆಸರು ಕೇಳಿ, ಊರು ಕೇಳಿ, ಎಷ್ಟು ವರ್ಷವಾಯಿತು ಇಲ್ಲಿಗೆ ಬಂದು ಎಂದು ಕೇಳಿ. ನನ್ನನ್ನೂ ಕರೆದರೆ ಜೊತೆಗೆ ಬರುತ್ತೇನೆ. ಚಹಾದ ದುಡ್ಡು ನನ್ನದು.